ಗುಂಯ್ ಅನ್ನುವುದು ಪೆಡಲ್ಲೋ, ಕರೆಂಟೋ?

ಕುಕ್ಕುವಾಡ ಅಂದರೆ ದಾವಣಗೆರೆ ಸೀಮೆಯವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ, ಆಮೇಲೆ ಭದ್ರಾ ನಾಲೆಯ ನೀರುಂಡ ಕಬ್ಬು, ಭತ್ತ. ಇಲ್ಲಿಂದ ಹರಿಹರದವರೆಗೆ ಯಾವ ಊರಿಗೆ ಹೋದರೂ ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ರಸಮಂಜರಿ ಇಡಿಸುವ ರೂಢಿ ಇದೆ. ಅಂಥ ತಂಡದ ಗಿಟಾರಿಸ್ಟ್‌ಗೆ ಕೆಲಸ ಕಡಿಮೆಯೇನಲ್ಲ. ರಾಜನ್-ನಾಗೇಂದ್ರರ ಮೆಲುದನಿಯ ಹಾಡು ಮುಗಿಯುವಷ್ಟರಲ್ಲಿ ಗುರುಕಿರಣ್ ಸಂಗೀತದ ‘ಉಪೇಂದ್ರ’ (1999) ಚಿತ್ರದ ಹಾಡು ಬೇಕೆಂದು ಮುಂದಿನ ಸಾಲಿನ ಹುಡುಗರು ಕೂಗುತ್ತಾರೆ. ಒಂದೇ ಗಿಟಾರಿನಿಂದ ಇಷ್ಟೂ ದನಿ ತೆಗೆಯಲು ಕಾಲಬಳಿ ಸಾಲಾಗಿ ಪೆಡಲ್‌ಗಳು ಬೇಕು. ಅವನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ, ಕೇಬಲ್ ಹಾಕಿ, ಕರೆಂಟು ಕೊಟ್ಟರೆ ಅದೇ ಪೆಡಲ್‌ಬೋರ್ಡ್. ಇದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಕೆಲವು ದುಡ್ಡು ಕಳೆಯುತ್ತವೆ, ಒಂದಂತೂ ಜೀವವನ್ನೇ ಕಳೆಯಬಲ್ಲದು.

ಸ್ಪೀಕರಿನಲ್ಲಿ ಗುಂಯ್ ಎಂದರೆ ಪೆಡಲ್ ಕೆಟ್ಟಿದೆ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಪರೀಕ್ಷೆ ಸುಲಭ. ಪೆಡಲ್‌ಗಳನ್ನೆಲ್ಲ ಬಿಡಿಸಿ ಗಿಟಾರನ್ನು ನೇರವಾಗಿ ಆಂಪ್‌ಗೆ (ಆಂಪ್ಲಿಫೈಯರ್) ಸಿಕ್ಕಿಸಬೇಕು. ಸದ್ದು ಹಾಗೇ ಉಳಿದರೆ ಗಿಟಾರ್ ಹಿಡಿದವರು ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗಲಿ. ಒಂದು ದಿಕ್ಕಿಗೆ ಗುಂಯ್ ಜೋರಾಗಿ, ಇನ್ನೊಂದು ದಿಕ್ಕಿಗೆ ಬಹುತೇಕ ಅಡಗಿದರೆ ಕಾರಣ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್. ಸುತ್ತಲಿನ ವೈರು, ಟ್ರಾನ್ಸ್‌ಫಾರ್ಮರುಗಳಿಂದ ಹೊಮ್ಮುವ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಅದು ಆಂಟೆನಾದ ಹಾಗೆ ಹಿಡಿಯುತ್ತದೆ. ಈ ತೊಂದರೆಗಾಗಿಯೇ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್ ರೂಪಿಸಿದರು. ಹೊಸ ಪೆಡಲ್ ಎಷ್ಟು ಕೊಂಡರೂ ಈ ಗುಂಯ್ ಹೋಗದು. ನಿಲ್ಲುವ ಜಾಗ ಬದಲಿಸಿ, ಲೈಟಿನ ಡಿಮ್ಮರ್‌ನಿಂದ ದೂರ ಸರಿದರೆ ಅರ್ಧ ಕಡಿಮೆಯಾದೀತು.

ಇನ್ನು ಜೀವದ ಪ್ರಶ್ನೆ. ‘ಗುಂಯ್ ನಿಲ್ಲಬೇಕೆಂದರೆ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕು’ ಎಂಬ ಸಲಹೆ ವೇದಿಕೆಯ ಹಿಂದೆ ಸಲೀಸಾಗಿ ಸಿಗುತ್ತದೆ. ಹಾಗೆ ಮಾಡಿದರೆ ಕೆಲವೊಮ್ಮೆ ಸದ್ದು ನಿಲ್ಲುವುದೂ ನಿಜ, ಅದಕ್ಕೇ ಜನ ನಂಬುತ್ತಾರೆ. ಗಿಟಾರ್ ಆಂಪ್ ಒಂದು ಸಾಕೆಟ್ಟಿನಿಂದ, ಮಿಕ್ಸರ್ ದೂರದ ಇನ್ನೊಂದರಿಂದ ಕರೆಂಟು ಪಡೆದಾಗ ಎರಡರ ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಉಳಿಯುತ್ತದೆ. ಆಡಿಯೊ ಕೇಬಲ್ ಇವೆರಡನ್ನೂ ಜೋಡಿಸಿದ ಕೂಡಲೇ ಆ ವ್ಯತ್ಯಾಸ ಕೇಬಲ್ಲಿನ ಕವಚದಲ್ಲಿ ಹರಿದು ಗುಂಯ್‌ಗುಡುತ್ತದೆ. ಅರ್ಥ್ ಮುರಿದರೆ ಈ ಸುತ್ತು ತುಂಡಾಗುತ್ತದೆ. ಜತೆಗೆ ರಕ್ಷಣೆಯೂ ತುಂಡಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಕೇಬಲ್ಲಿನ ಕವಚಕ್ಕೆ, ಅಲ್ಲಿಂದ ಆಂಪಿನ ಲೋಹದ ಚೌಕಟ್ಟಿಗೆ ಕೂಡಿಕೊಂಡಿರುತ್ತವೆ. ಆಂಪಿನೊಳಗೆ ಯಾವುದೋ ವೈರು ಸಡಿಲವಾಗಿ ಚೌಕಟ್ಟಿಗೆ 230 ವೋಲ್ಟ್ ತಾಗಿದರೆ ಅದು ತಂತಿಗೂ ಬರುತ್ತದೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ಕರೆಂಟು ಹೊಡೆದು ಸತ್ತರು. ಸಲಕರಣೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ.

ಮಳೆಗಾಲದ ಗಣಪತಿ ಪೆಂಡಾಲ್, ಒದ್ದೆ ನೆಲ, ಜನರೇಟರಿನಿಂದ ಎಳೆದ ತಾತ್ಕಾಲಿಕ ಲೈನು: ನಮ್ಮ ವೇದಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮಾಡಬೇಕಾದ್ದು ಇಷ್ಟೇ. ವಾದ್ಯಗಳ ಸಾಲಿಗೂ ಮಿಕ್ಸರ್‌ಗೂ ಒಂದೇ ಕಡೆಯಿಂದ, ಒಂದೇ ಅರ್ಥಿಂಗ್‌ನ ಕರೆಂಟು ಕೊಡಿಸುವುದು, ಆ ಲೈನಿಗೆ 30 ಮಿಲಿಆಂಪಿಯರಿಗೆ ಕಡಿಯುವ ಆರ್‌ಸಿಸಿಬಿ ಹಾಕಿಸುವುದು. ಅಷ್ಟಾದರೂ ಗುಂಯ್ ಉಳಿದರೆ ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬಹುದು. ಅದು ಕಡಿಯುವುದು ಆಡಿಯೊ ಕೇಬಲ್ಲಿನ ಕವಚದ ಸಂಪರ್ಕವನ್ನು ಮಾತ್ರ, ಪ್ಲಗ್ಗಿನ ಅರ್ಥ್ ಹಾಗೇ ಇರುತ್ತದೆ.

ಅಡಾಪ್ಟರ್ ವಿಷಯದಲ್ಲಿ ಭಯ ತಲೆಕೆಳಗಾಗಿದೆ. ‘ಪೆಡಲ್‌ಗೆ 10 ಮಿಲಿಆಂಪಿಯರ್ ಸಾಕು, 1000ದ್ದು ಹಾಕಿದರೆ ಸುಟ್ಟುಹೋಗುತ್ತದೆ’ ಎಂದು ಹೆದರುವವರು ವೋಲ್ಟೇಜನ್ನೂ ಧ್ರುವವನ್ನೂ ನೋಡುವುದೇ ಇಲ್ಲ. ಪೆಡಲ್ ತನಗೆ ಬೇಕಾದಷ್ಟೇ ಕರೆಂಟು ಎಳೆದುಕೊಳ್ಳುತ್ತದೆ, ಅಡಾಪ್ಟರಿನ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದೇ. ಸುಡುವುದು ತಪ್ಪು ವೋಲ್ಟೇಜ್ ಮತ್ತು ತಿರುಗುಮುರುಗಾದ ಧ್ರುವ. ಬಹುತೇಕ ಪೆಡಲ್‌ಗಳು ಬಾಸ್ ಕಂಪನಿ ರೂಢಿಗೆ ತಂದ ಕ್ರಮವನ್ನೇ ಅನುಸರಿಸುತ್ತವೆ: 9 ವೋಲ್ಟ್, ಪಿನ್ನಿನ ನಡುಭಾಗ ಮೈನಸ್. ಮನೆಯ ವೈಫೈ ರೂಟರಿನ ಅಡಾಪ್ಟರ್ ಅದೇ ಗಾತ್ರದ ಪಿನ್ ಹೊಂದಿ ಪೆಡಲ್‌ನೊಳಕ್ಕೆ ಸಲೀಸಾಗಿ ಕೂರುತ್ತದೆ, ಆದರೆ ಸಾಮಾನ್ಯವಾಗಿ ಅದರ ನಡುಭಾಗ ಪ್ಲಸ್, ವೋಲ್ಟೇಜ್ ಎಷ್ಟೋ ಸಲ 12. ಅಡಾಪ್ಟರಿನ ಚೀಟಿಯ ಮೇಲೆ ನಡುವಿನ ಚುಕ್ಕೆಯಿಂದ ಗೆರೆ ಯಾವ ಚಿಹ್ನೆಗೆ ಹೋಗಿದೆ ಎಂದು ನೋಡಿದರೆ ಐದೇ ಸೆಕೆಂಡಿನ ಕೆಲಸ.

ಲೆಕ್ಕವೂ ಸುಲಭ. ಸಾದಾ ಓವರ್‌ಡ್ರೈವ್‌ಗೆ 10 ಮಿಲಿಆಂಪಿಯರ್ ಆಸುಪಾಸು ಸಾಕು. ಚಿಕ್ಕ ಡಿಜಿಟಲ್ ಡಿಲೇಗೆ 50ರಿಂದ 100 ಬೇಕು, ದೊಡ್ಡ ಡಿಜಿಟಲ್ ಪೆಡಲ್ಲುಗಳಿಗೆ 300ರವರೆಗೂ ಬೇಕಾದೀತು. ಎಲ್ಲ ಕೂಡಿ, ಮೇಲೊಂದಿಷ್ಟು ಸೇರಿಸಿ ಅಡಾಪ್ಟರ್ ಆರಿಸಬೇಕು. ಒಂದೇ ಅಡಾಪ್ಟರಿನಿಂದ ಸರಪಳಿ ವೈರಿನಲ್ಲಿ ಎಲ್ಲಕ್ಕೂ ಕೊಟ್ಟಾಗ ಡಿಜಿಟಲ್ ಪೆಡಲ್ಲಿನ ಕೀರಲು ಸದ್ದು ಓವರ್‌ಡ್ರೈವ್‌ಗೆ ದಾಟಿ ದೊಡ್ಡದಾಗಿ ಕೇಳಬಹುದು. ಪ್ರತ್ಯೇಕ, ಅಂದರೆ ಐಸೊಲೇಟೆಡ್ ಔಟ್‌ಪುಟ್‌ಗಳ ಪವರ್ ಸಪ್ಲೈ ಇದಕ್ಕೆ ಉತ್ತರ. ಹಣ ಕೂಡಿಟ್ಟು ಕೊಳ್ಳುವುದಾದರೆ ಐದನೇ ಪೆಡಲ್‌ಗಿಂತ ಮೊದಲು ಕೊಳ್ಳಬೇಕಾದ್ದು ಇದೇ.

‘ಟ್ರೂ ಬೈಪಾಸ್ ಇದ್ದರೆ ಮಾತ್ರ ಒಳ್ಳೆಯ ಪೆಡಲ್’ ಎನ್ನುವುದು ಜಾಹೀರಾತುಗಳು ಬೆಳೆಸಿದ ನಂಬಿಕೆ. ಪೆಡಲ್ ಆಫ್ ಇದ್ದಾಗ ಸಿಗ್ನಲ್ ಬರಿಯ ತಂತಿಯಂತೆ ಹಾದುಹೋಗುತ್ತದೆ ಎಂಬುದಷ್ಟೇ ಅದರ ಅರ್ಥ. ತೊಂದರೆ ಇರುವುದೂ ಅಲ್ಲೇ. ಗಿಟಾರ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಮಿಕ್ಸರ್ ಕಡೆಗೆ 6 ಮೀಟರ್, ನಡುವಿನ ತುಂಡು ಕೇಬಲ್‌ಗಳು 2 ಮೀಟರ್ ಎಂದಿಟ್ಟುಕೊಳ್ಳೋಣ. ಒಟ್ಟು 1400 ಪಿಕೋಫ್ಯಾರಡ್. ಸುಮಾರು 2.5 ಹೆನ್ರಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 3 ಮೀಟರ್ ಕೇಬಲ್ ಇದ್ದಾಗ ಹೊಳಪಿನ ಶಿಖರ 5000 ಹರ್ಟ್ಸ್ ಬಳಿ ಇದ್ದರೆ, ಇಷ್ಟುದ್ದಕ್ಕೆ ಅದು 2600ರ ಆಸುಪಾಸಿಗೆ ಇಳಿಯುತ್ತದೆ. ದನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಅನೇಕರು ಮೂಗು ಮುರಿಯುವ ಬಾಸ್ ಪೆಡಲ್ಲುಗಳಲ್ಲಿರುವ ಬಫರ್, ಅಂದರೆ ಸಿಗ್ನಲ್ಲಿಗೆ ಬಲ ಕೊಡುವ ಪುಟ್ಟ ಸರ್ಕ್ಯೂಟ್, ಈ ನಷ್ಟವನ್ನು ತಡೆಯುತ್ತದೆ. ಸಾಲಿನ ಮೊದಲಿಗೆ ಬಫರ್ ಇರುವ ಒಂದು ಟ್ಯೂನರ್ ಇಟ್ಟರೂ ಸಾಕು.

ಒಂದು ಅಪವಾದವಿದೆ. 1966ರಲ್ಲಿ ಬಂದ ಫಝ್ ಫೇಸ್‌ನಂಥ ಹಳೆಯ ಮಾದರಿಯ ಫಝ್‌ಗಳು ಪಿಕಪ್ಪಿಗೆ ನೇರ ಸೇರಿಕೊಂಡಾಗಲೇ ಸರಿಯಾಗಿ ಹಾಡುತ್ತವೆ. ಮುಂದೆ ಬಫರ್ ಬಂದರೆ ದನಿ ಒರಟಾಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿ ಫಝ್ ತಿಳಿಗೊಳಿಸುವ ಸೊಗಸು ಹೋಗುತ್ತದೆ. ಅಂಥ ಫಝ್ ಅನ್ನು ಟ್ಯೂನರ್‌ಗಿಂತಲೂ ಮುಂದಿಡಬೇಕು.

ಉಳಿದಂತೆ ಪೆಡಲ್ ಸಾಲಿಗೆ ಶಾಸ್ತ್ರವಿಲ್ಲ. ವಾ, ಓವರ್‌ಡ್ರೈವ್, ಆಮೇಲೆ ಕೋರಸ್, ಫೇಸರ್, ಕೊನೆಗೆ ಡಿಲೇ, ರಿವರ್ಬ್ ಎನ್ನುವುದು ಅನುಭವದಿಂದ ಬಂದ ಒಳ್ಳೆಯ ಕ್ರಮ. ಡಿಲೇ ಮೊದಲಿಟ್ಟರೆ ಅದರ ಮರುದನಿಗಳೂ ಡಿಸ್ಟಾರ್ಷನ್ ಒಳಗೆ ಹೋಗಿ ಕಲಸಿಕೊಳ್ಳುತ್ತವೆ, ಕಾರಣ ಅಷ್ಟೇ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ತಮ್ಮ ತಂಡದ 1978ರ ಮೊದಲ ಆಲ್ಬಮ್ಮಿನಲ್ಲಿ ಎಂಎಕ್ಸ್‌ಆರ್ ಫೇಸ್ 90 ಪೆಡಲ್ಲನ್ನು ಒಡೆದ ದನಿಯ ಆಂಪ್‌ಗೆ ಮುಂಚೆ ಇಟ್ಟರು, ಅದೇ ಅವರ ಗುರುತಾಯಿತು. ಇನ್ನು ಹಲಗೆಯ ಮಾತು. 12 ಮಿಲಿಮೀಟರ್ ಪ್ಲೈವುಡ್‌ಗೆ ಊರ ಬಡಗಿಯಿಂದ ಎರಡು ಕಾಲು ಹೊಡೆಸಿ, ವೆಲ್ಕ್ರೊ ಅಂಟಿಸಿದರೆ ವಿದೇಶಿ ಅಲ್ಯೂಮಿನಿಯಂ ಬೋರ್ಡಿನಷ್ಟೇ ಕೆಲಸ ಮಾಡುತ್ತದೆ. ಕರೆಂಟಿನ ವೈರು ಒಂದು ಪಕ್ಕ, ಆಡಿಯೊ ಕೇಬಲ್ ಇನ್ನೊಂದು ಪಕ್ಕ ಹೋಗಲಿ. ಎದುರಾದ ಕಡೆ ಅಡ್ಡವಾಗಿ ದಾಟಲಿ.

ಕೊನೆಯ ತಪ್ಪು ರಸಮಂಜರಿ ವೇದಿಕೆಯಲ್ಲೇ ಹೆಚ್ಚು. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ತರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ರಾಕ್ ತಂಡಗಳು ಗಿಟಾರಿಗೆ ಆಂಪ್ ಇಟ್ಟು ನುಡಿಸುತ್ತವೆ. ಹಳ್ಳಿಯ ಆರ್ಕೆಸ್ಟ್ರಾದಲ್ಲಿ ಎಷ್ಟೋ ಸಲ ಆಂಪ್ ಇರುವುದಿಲ್ಲ, ಬೋರ್ಡಿನ ಕೇಬಲ್ ನೇರ ಮಿಕ್ಸರ್‌ಗೆ. ಆಗ ಡಿಸ್ಟಾರ್ಷನ್ ಒತ್ತಿದರೆ ಕಿವಿಗೆ ಗರಗಸ ಹಾಕಿದ ಹಾಗಾಗುತ್ತದೆ, ‘ಅಗ್ಗದ ಪೆಡಲ್’ ಎಂದು ಬೈಗುಳ ಬೀಳುತ್ತದೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5000 ಹರ್ಟ್ಸ್ ಮೇಲಿನದನ್ನು ತಾನೇ ಸೋಸಿಬಿಡುತ್ತದೆ. ಪೆಂಡಾಲಿನ ಟ್ವೀಟರ್ ಆ ಕರ್ಕಶವನ್ನೆಲ್ಲ ಜನರ ಮೇಲೆ ಸುರಿಯುತ್ತದೆ. ಬೋರ್ಡಿನ ಕೊನೆಗೆ ಕ್ಯಾಬಿನೆಟ್ ಸಿಮ್ಯುಲೇಟರ್ ಇಟ್ಟರೆ ಅದೇ ಪೆಡಲ್ ಮಾಗಿದ ದನಿ ಕೊಡುತ್ತದೆ. ಇಂದಿನ ಅಗ್ಗದ ಮಲ್ಟಿ-ಇಫೆಕ್ಟ್ ಯಂತ್ರಗಳಲ್ಲೂ ಈ ಸೌಲಭ್ಯ ಇರುತ್ತದೆ, ಆನ್ ಮಾಡಿಕೊಳ್ಳಬೇಕು. ಯಾವುದಾದರೂ ಕಾಲೇಜಿನ ವೇದಿಕೆಯಲ್ಲಿ ಗಿಟಾರ್ ಆಂಪ್ ಸಿಕ್ಕ ದಿನ ಮಾತ್ರ ಅದನ್ನು ಆಫ್ ಮಾಡಬೇಕು, ಇಲ್ಲವಾದರೆ ಎರಡೆರಡು ಸಲ ಸೋಸಿ ದನಿ ಮಂಕಾಗುತ್ತದೆ.