ನೇರ ವಿಮಾನಗಳು ನಿಲ್ಲುವುದೇಕೆ?

ಬೆಂಗಳೂರಿಗೂ ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಎಲ್ಲಿಯೂ ಇಳಿಯದೆ ಹಾರುತ್ತಿದ್ದ ವಿಮಾನವನ್ನು 2026ನೆಯ ಇಸವಿ ಮಾರ್ಚಿ 1ರಿಂದ ನಿಲ್ಲಿಸುವುದಾಗಿ ಏರ್ ಇಂಡಿಯಾ ಕಂಪೆನಿಯವರು ಪ್ರಕಟಿಸಿದ ಸಂಗತಿಯು ವಾಚಕ ಮಹಾಶಯರಿಗೆ ವಿದಿತವಾಗಿಯೇ ಇದೆ. ಅದು ಮೊದಲ್ಗೊಂಡು ಬಳೇಪೇಟೆಯ ನಮ್ಮ ಕಚೇರಿಗೆ ಈ ವಿಚಾರವಾಗಿ ಪತ್ರಗಳು ಬರುತ್ತಲೇ ಇವೆ. ಕನ್ನಡನಾಡಿನ ಮೇಲಣ ಉಪೇಕ್ಷೆಯೇ ಇದಕ್ಕೆ ಕಾರಣವೆಂದು ಕೆಲವರು ಬರೆದಿದ್ದಾರೆ. ಜನ ಹತ್ತದ ವಿಮಾನವನ್ನು ಯಾರು ತಾನೇ ಹಾರಿಸಿಯಾರು ಎಂದು ಮತ್ತೆ ಕೆಲವರು. ಈ ಎರಡು ಮಾತುಗಳಲ್ಲಿ ಯಾವುದನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು.

ಇದು ಕೇವಲ ಧನಿಕರ ಸೌಕರ್ಯದ ಮಾತೆಂದು ತಳ್ಳಿಹಾಕುವವರಿಗೆ ಮೊದಲೇ ಒಂದು ಮಾತು ಹೇಳಬೇಕಾಗಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದು, ತಂದೆತಾಯಿಗಳು ಮಾತ್ರ ಇಲ್ಲಿ ಉಳಿದಿರುವುದು ಈಗ ಅಪೂರ್ವವಲ್ಲ. ಮಗಳ ಬಾಣಂತನಕ್ಕೆಂದು ಒಬ್ಬಳೇ ಹೊರಡುವ ತಾಯಿಗೆ ಇಂಗ್ಲಿಷು ಬಾರದು, ಮೊಣಕಾಲು ಸರಿಯಿಲ್ಲ. ಅಂಥವರನ್ನು ದೇವನಹಳ್ಳಿಯಲ್ಲಿ ಹತ್ತಿಸಿದರೆ ಅಲ್ಲಿ ಮಗಳೇ ಬಂದು ಇಳಿಸಿಕೊಳ್ಳುವಳೆಂಬ ಧೈರ್ಯವನ್ನು ನೇರ ವಿಮಾನವು ಕೊಟ್ಟಿತ್ತು. ಫ್ರಾಂಕ್‌ಫರ್ಟಿನಲ್ಲಿಯೋ ದುಬೈಯಲ್ಲಿಯೋ ನಡುರಾತ್ರಿ ಇಳಿದು, ಮೈಲುದ್ದದ ಮೊಗಸಾಲೆಗಳಲ್ಲಿ ಮುಂದಿನ ವಿಮಾನದ ಬಾಗಿಲನ್ನು ಹುಡುಕಬೇಕಾದಾಗ ಆ ಧೈರ್ಯವು ಉಳಿಯುವುದಿಲ್ಲ. ಅನೇಕರು ಪ್ರಯಾಣವನ್ನೇ ಕೈಬಿಡುತ್ತಾರೆ.

ಈ ಮಾರ್ಗದ ಚರಿತ್ರೆಯು ನಮ್ಮ ಜನರಿಗೆ ಮರೆತಂತಿದೆ. ಇದನ್ನು ಮೊದಲು ಬಯಸಿದ್ದು ಏರ್ ಇಂಡಿಯಾ ಅಲ್ಲ. ನಮ್ಮ ಊರಿನದೇ ಆದ ಕಿಂಗ್‌ಫಿಷರ್ ಕಂಪೆನಿ. ಅದಕ್ಕೆಂದೇ ಏರ್‌ಬಸ್ ಎ340-500 ಎಂಬ ದೂರಗಾಮಿ ವಿಮಾನಗಳನ್ನು ಅದು ಗೊತ್ತುಮಾಡಿತ್ತು. ನಾಲ್ಕು ಎಂಜಿನುಗಳ ಆ ವಿಮಾನಗಳು ಎಣ್ಣೆಯನ್ನು ಅಗಸ್ತ್ಯನಂತೆ ಕುಡಿಯತಕ್ಕವು. 2008ರ ಜುಲೈ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆಯು ಪೀಪಾಯಿಗೆ 147 ಡಾಲರುಗಳವರೆಗೆ ಏರಿತು. ವಿಮಾನಗಳು ಕಿಂಗ್‌ಫಿಷರಿನ ಕೈ ಸೇರಲೇ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹಾರಿ ಪರದೇಶ ಯಾನವನ್ನೇನೋ ಆರಂಭಿಸಿದ ಆ ಕಂಪೆನಿಯು 2012ರಲ್ಲಿ ಪೂರ್ಣವಾಗಿ ನಿಂತುಹೋಯಿತು.

ತರುವಾಯ 2020ರಲ್ಲಿ ಅಮೆರಿಕಾದ ಎರಡು ಕಂಪೆನಿಗಳು ಮುಂದೆ ಬಂದವು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್ ನಗರದಿಂದ, ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹಾರುವುದಾಗಿ ಸಾರಿದವು. ಮಹಾಮಾರಿಯ ದೆಸೆಯಿಂದ ದಿನಾಂಕಗಳು ಮುಂದೆ ಹೋದವು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧವು ಮೊದಲಾಗಿ ರಷ್ಯಾದ ಆಕಾಶವು ಅಮೆರಿಕಾದವರಿಗೆ ಮುಚ್ಚಿತು. ಯುನೈಟೆಡ್ ಕಂಪೆನಿಯು ಆಗ ನಡೆಯುತ್ತಿದ್ದ ದಿಲ್ಲಿ, ಮುಂಬಯಿ ಮಾರ್ಗಗಳಲ್ಲಿಯೇ ಕೆಲವನ್ನು ತಡೆಹಿಡಿಯಬೇಕಾಯಿತು. ಬೆಂಗಳೂರಿನ ಎರಡು ವಿಮಾನಗಳೂ ಹುಟ್ಟುವ ಮೊದಲೇ ಅಸ್ತಮಿಸಿದವು.

ನಿಜವಾಗಿ ಹಾರಿದ್ದು ಏರ್ ಇಂಡಿಯಾ ಒಂದೇ. 2021ರ ಜನವರಿ 11ರಂದು, ಸ್ತ್ರೀಯರೇ ಚಾಲಕರಾಗಿದ್ದ ಅದರ ಮೊದಲ ವಿಮಾನವು ಉತ್ತರ ಧ್ರುವದ ಮೇಲಿನಿಂದ ಬಂದು ನಮ್ಮಲ್ಲಿ ಇಳಿದಾಗ ದೇಶವೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ನಾವೂ ಭಾಗಿಗಳಾಗಿದ್ದೆವು.

ಹಾಗಾದರೆ ನಿಂತದ್ದೇಕೆ? ಮೊದಲನೆಯದಾಗಿ ದೂರ. ಎರಡು ಊರುಗಳ ನಡುವೆ ನೇರ ಗೆರೆಯಲ್ಲಿಯೇ ಸುಮಾರು 14,000 ಕಿಲೋಮೀಟರು. ದೂರದ ಸಂತೆಗೆ ಹೊರಟ ರೈತನು ಗಾಡಿಯಲ್ಲಿ ಮಾಲಿನ ಜತೆಗೆ ಎತ್ತುಗಳ ಮೇವನ್ನೂ ಹೇರಬೇಕಷ್ಟೆ; ದಾರಿ ಬೆಳೆದಷ್ಟೂ ಮೇವು ಹೆಚ್ಚುತ್ತದೆ, ಮಾಲಿಗೆ ಸ್ಥಳ ಕಡಿಮೆಯಾಗುತ್ತದೆ, ಮೇವಿನ ಭಾರವನ್ನೆಳೆಯುವುದಕ್ಕಾಗಿಯೇ ಮತ್ತಷ್ಟು ಮೇವು ಬೇಕಾಗುತ್ತದೆ. ವಿಮಾನದ ಪಾಡೂ ಇದೇ. ಕೊನೆಯ ಗಂಟೆಗಳಲ್ಲಿ ಸುಡುವ ಎಣ್ಣೆಯನ್ನು ಮೊದಲ ಗಂಟೆಯಿಂದಲೂ ಹೊತ್ತು ಹಾರಬೇಕು. ಈ ಮಾರ್ಗಕ್ಕೆ ಮೊದಲು ಹಾಕಿದ್ದ ಬೋಯಿಂಗ್ 777-200ಎಲ್‌ಆರ್ ವಿಮಾನದ ತೊಟ್ಟಿಗಳು 1,80,000 ಲೀಟರಿಗೂ ಮಿಗಿಲಾಗಿ ಎಣ್ಣೆ ಹಿಡಿಯುತ್ತವೆ. ಕೂರುವ ಜನರೋ 238.

ಇದಕ್ಕೆ ನಮ್ಮ ಊರಿನ ಎತ್ತರವೂ ಸೇರಿತು. ಬೆಂಗಳೂರಿನ ತಂಪು ಹವೆಯನ್ನು ಹೊಗಳುವ ನಾವು, ಆ ತಂಪಿಗೆ ಕಾರಣವಾದ 3,000 ಅಡಿಗಳ ಎತ್ತರದಲ್ಲಿ ಗಾಳಿಯು ತೆಳುವಾಗಿರುತ್ತದೆಂಬುದನ್ನು ನೆನೆಯುವುದಿಲ್ಲ. ತೆಳುಗಾಳಿಯಲ್ಲಿ ರೆಕ್ಕೆಗೆ ಆಧಾರವೂ ಕಡಿಮೆ, ಎಂಜಿನಿಗೆ ಕಸುವೂ ಕಡಿಮೆ. ದೇವನಹಳ್ಳಿಯ ಓಡುದಾರಿಗಳು 4,000 ಮೀಟರು ಉದ್ದವಿರುವುದರಿಂದ ಕೊರತೆಯು ಸ್ವಲ್ಪ ತುಂಬುತ್ತದೆ. ಆದರೂ ಬಿಸಿಲಿನ ಹೊತ್ತಿನಲ್ಲಿ ತುಂಬು ಎಣ್ಣೆಯೊಡನೆ ಏಳಬೇಕಾದರೆ ಕೆಲವು ಆಸನಗಳನ್ನೋ ಸರಕನ್ನೋ ಬಿಡಬೇಕಾದೀತು. ಕಡಲ ಮಟ್ಟದಲ್ಲಿರುವ ಮುಂಬಯಿಗಾಗಲಿ ಮದರಾಸಿಗಾಗಲಿ ಈ ತೊಡಕಿಲ್ಲ.

ಇನ್ನು ಲೆಕ್ಕದ ಮಾತು. ಅಂಗಡಿಯ ತುಂಬ ಗಿರಾಕಿಗಳಿದ್ದ ಮಾತ್ರಕ್ಕೆ ಸಂಜೆ ಗಲ್ಲಾ ತುಂಬಿರಲೇಬೇಕೆಂದಿಲ್ಲವೆಂಬುದನ್ನು ನಮ್ಮ ಬಳೇಪೇಟೆಯ ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ. ಅಮೆರಿಕಾಕ್ಕೆ ಹೋಗಿಬರಲು ಒಂದು ವಿಮಾನಕ್ಕೆ ಹೆಚ್ಚುಕಡಮೆ ಒಂದೂವರೆ ದಿನ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಸಿಂಗಪುರಕ್ಕೆ ಮೂರು ಸಲ ಹೋಗಿ ಬರಬಹುದು. ಚಾಲಕರು ಇಬ್ಬರು ಸಾಲದೆ ನಾಲ್ವರು ಬೇಕು. ಇಷ್ಟು ವೆಚ್ಚವನ್ನು ಹಿಂದಿನ ಸಾಲುಗಳ ಅಗ್ಗದ ಟಿಕೀಟು ತೀರಿಸದು. ಮುಂದಿನ ಸಾಲುಗಳಲ್ಲಿ ಕಂಪೆನಿಗಳ ಖರ್ಚಿನಲ್ಲಿ ಕೂರುವ ಅಧಿಕಾರಿಗಳು ತೀರಿಸಬೇಕು. ಅವರೋ ಮಹಾಮಾರಿಯ ಕಾಲದಿಂದ ಅನೇಕ ಸಭೆಗಳನ್ನು ಮನೆಯಲ್ಲಿ ಕುಳಿತೇ ಮುಗಿಸುವುದನ್ನು ಕಲಿತಿದ್ದಾರೆ. ಆದಕಾರಣ ಯಾವ ಕಂಪೆನಿಯೂ ‘ಈ ಮಾರ್ಗದಲ್ಲಿ ಜನರಿದ್ದಾರೆಯೆ?’ ಎಂದು ಮಾತ್ರ ಕೇಳುವುದಿಲ್ಲ. ‘ಇದೇ ವಿಮಾನವನ್ನು ಬೇರೆಡೆಗೆ ಹಾರಿಸಿದರೆ ಹೆಚ್ಚು ಬರುವುದೆ?’ ಎಂದು ಕೇಳುತ್ತದೆ.

ವಿಮಾನಗಳ ಅಭಾವವಿರುವಾಗ ಈ ಪ್ರಶ್ನೆಯು ತೀಕ್ಷ್ಣವಾಗುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ಯಾನಗಳೆಲ್ಲ ಬಳಸುದಾರಿ ಹಿಡಿದವು. ಸ್ಯಾನ್ ಫ್ರಾನ್ಸಿಸ್ಕೋದಿಂದ ಮುಂಬಯಿಗೆ ಬರುವ ವಿಮಾನವು ಕೊಲ್ಕತ್ತೆಯ ಮೂಲಕ ಬರುವಂತಾಯಿತು. 2019ರಲ್ಲಿ ಇದೇ ಆಕಾಶವು ಕೆಲವು ತಿಂಗಳು ಮುಚ್ಚಿದ್ದಾಗ ಏರ್ ಇಂಡಿಯಾಕ್ಕೆ ಜುಲೈ 2ರವರೆಗೆ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿತ್ತು. ತಮ್ಮ ತಮ್ಮ ಆಕಾಶಕ್ಕೆ ಆಯಾ ರಾಷ್ಟ್ರಗಳೇ ಒಡೆಯರೆಂಬುದು 1944ರ ಷಿಕಾಗೋ ಒಪ್ಪಂದದ ಮೊದಲ ತತ್ತ್ವ. ಸ್ವರಾಜ್ಯವನ್ನು ಬಯಸಿ ಪಡೆದ ನಾವು ಆ ತತ್ತ್ವವನ್ನು ದೂರಲಾರೆವು, ಅದರ ಬೆಲೆಯನ್ನು ಮಾತ್ರ ತೆರಬೇಕಾಗಿದೆ. ಇದರ ಮೇಲೆ 2025ರ ಜೂನ್ 12ರಂದು ಅಹಮದಾಬಾದಿನ ಘೋರ ಅಪಘಾತವು ಸಂಭವಿಸಿತು. ಆ ಬಳಿಕ ಏರ್ ಇಂಡಿಯಾ ತನ್ನ ದೊಡ್ಡ ವಿಮಾನಗಳ ಪರದೇಶ ಯಾನಗಳನ್ನು ಶೇಕಡಾ 15ರಷ್ಟು ಇಳಿಸಿತು. ನಮ್ಮ ಲಂಡನ್ ವಿಮಾನವು ವಾರಕ್ಕೆ ಏಳಿದ್ದುದು ಆರಾಯಿತು. ಚಿಕ್ಕ ವಿಮಾನದ ಸಿಂಗಪುರ ಯಾನವು ಕೆಲವು ವಾರ ನಿಂತಿತು. ಸುರಕ್ಷತೆಗಾಗಿ ಮಾಡಿದ ಕಡಿತವನ್ನು ನಾವು ಆಕ್ಷೇಪಿಸುವುದಿಲ್ಲ.

ಆದರೆ ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಕೈಯಲ್ಲಿರುವ ವಿಮಾನಗಳು ಸಾಲದೆ ಬಂದಾಗ ಬೆಂಗಳೂರು, ಮುಂಬಯಿಗಳ ನೇರ ಯಾನವನ್ನು ಬಿಟ್ಟು, ದಿಲ್ಲಿಯ ಸ್ಯಾನ್ ಫ್ರಾನ್ಸಿಸ್ಕೋ ಯಾನಗಳನ್ನು ಹೆಚ್ಚಿಸುವುದೆಂದು ತೀರ್ಮಾನವಾಯಿತು. ಖಾಸಗಿ ಕಂಪೆನಿಯ ಲೆಕ್ಕಕ್ಕೆ ಇದು ಸರಿಯಿರಬಹುದು; 2022ರ ಜನವರಿಯಿಂದ ಏರ್ ಇಂಡಿಯಾ ಟಾಟಾ ಮನೆತನದ ಸ್ವತ್ತು, ಸರ್ಕಾರದ್ದಲ್ಲ. ಹೀಗಿರುವಲ್ಲಿ ಖಾಸಗಿ ಕಂಪೆನಿಯ ಲಾಭಕ್ಕೆ ಸರ್ಕಾರವು ಪರದೇಶದವರನ್ನು ತಡೆದು ಬೇಲಿ ಹಾಕುವುದು ಎಷ್ಟರಮಟ್ಟಿಗೆ ನ್ಯಾಯ? ಯಾವ ದೇಶದ ಕಂಪೆನಿಯು ನಮ್ಮ ಯಾವ ಊರಿಗೆ ವಾರಕ್ಕೆಷ್ಟು ಬಾರಿ ಬರಬಹುದೆಂಬುದು ಎರಡು ಸರ್ಕಾರಗಳ ಒಡಂಬಡಿಕೆಯಿಂದ ನಿಶ್ಚಯವಾಗತಕ್ಕದ್ದು. ದೇಶೀಯ ಕಂಪೆನಿಗಳು ಬೆಳೆಯಲೆಂಬ ನೀತಿಯನ್ನು ನಾವು ಮೊದಲಿನಿಂದಲೂ ಬೆಂಬಲಿಸಿದವರು. ದೇಶೀಯ ಕಂಪೆನಿಯು ಹಾರುವವರೆಗೆ ಆ ರಕ್ಷಣೆಗೆ ಅರ್ಥವಿದೆ. ಹಾರುವುದನ್ನು ಬಿಟ್ಟ ಊರಿನಲ್ಲಿ ರಕ್ಷಣೆ ಯಾರಿಗೆ?

ಮಂಗಳೂರಿನ ಸ್ಥಿತಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಸಹಸ್ರಾರು ಮಂದಿ ಅರಬ್ಬೀ ದೇಶಗಳಲ್ಲಿ ದುಡಿಯುತ್ತಾರೆ. ಅವರನ್ನು ಮಂಗಳೂರಿಗೆ ತರುವುದು ಭಾರತೀಯ ಕಂಪೆನಿಗಳು ಮಾತ್ರ. ಬೆಟ್ಟದ ನೆತ್ತಿಯಲ್ಲಿರುವ ಅಲ್ಲಿನ ಓಡುದಾರಿಯು 2,450 ಮೀಟರು ಮಾತ್ರವಾದ್ದರಿಂದ ದೊಡ್ಡ ವಿಮಾನಗಳು ಬಾರವೆಂಬುದು ನಿಜ. 2010ರ ಮೇ 22ರ ದುರಂತದಲ್ಲಿ 158 ಜನ ಮಡಿದುದನ್ನು ಮರೆಯುವಂತಿಲ್ಲ. ಆದರೆ ಈಗ ಬರುತ್ತಿರುವಂಥ ಚಿಕ್ಕ ವಿಮಾನಗಳು ಕೊಲ್ಲಿಯ ಕಂಪೆನಿಗಳಲ್ಲಿಯೂ ಇವೆ. ಪಕ್ಕದ ಕಣ್ಣೂರಿನವರು 2018ರಲ್ಲಿ ತಮ್ಮ ನಿಲ್ದಾಣವು ತೆರೆದಂದಿನಿಂದ ಪರದೇಶದ ಕಂಪೆನಿಗಳಿಗೆ ಅನುಮತಿ ಬೇಕೆಂದು ದಿಲ್ಲಿಯ ಬಾಗಿಲನ್ನು ತಟ್ಟುತ್ತಾ ಬಂದಿದ್ದಾರೆ. ನಮ್ಮವರು ಅಷ್ಟು ಗಟ್ಟಿಯಾಗಿ ತಟ್ಟಿದ್ದನ್ನು ನಾವು ಕೇಳಿಲ್ಲ.

ಒಡಂಬಡಿಕೆಗಳ ಮಾತುಕತೆ ನಡೆಯುವಾಗ ರಾಜ್ಯ ಸರ್ಕಾರವು ಸುಮ್ಮನೆ ಕುಳಿತಿರಬಾರದು. ಬೆಂಗಳೂರಿನಿಂದ ಯಾವ ನಗರಕ್ಕೆ ಎಷ್ಟು ಜನ ಸುತ್ತುದಾರಿಯಲ್ಲಿ ಹೋಗುತ್ತಿದ್ದಾರೆ, ಎಷ್ಟು ಸರಕು ಹೋಗುತ್ತಿದೆಯೆಂಬ ಅಂಕಿಗಳನ್ನು ನಿಲ್ದಾಣದವರಿಂದ ಪಡೆದು, ದಿಲ್ಲಿಯ ವಿಮಾನಯಾನ ಖಾತೆಯ ಮುಂದಿಡಬೇಕು. ನಮ್ಮ ಪಾರ್ಲಿಮೆಂಟ್ ಸದಸ್ಯರಲ್ಲಿ ಒಬ್ಬರಾದರೂ, ಮಂಗಳೂರಿಗೆ ಕೊಲ್ಲಿ ದೇಶಗಳ ವಿಮಾನಗಳು ಬಾರದಿರಲು ಕಾರಣವೇನು, ಬೆಂಗಳೂರಿಗೆ ಹಾರಲು ಅನುಮತಿ ಕೇಳಿರುವ ಪರದೇಶದ ಕಂಪೆನಿಗಳು ಯಾವುವು, ಅವುಗಳಿಗೆ ಕೊಟ್ಟ ಉತ್ತರವೇನು ಎಂದು ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಹಾಕಲಿ. ಉತ್ತರವು ಬಂದರೆ ಅದನ್ನು ಒಂದಕ್ಷರವೂ ಬಿಡದೆ ಈ ಪುಟದಲ್ಲಿಯೇ ಪ್ರಕಟಿಸುವೆವು.