ಕಾಯಕದ ಅಳತೆಗೋಲು

ಫಲಾಪೇಕ್ಷೆಯನ್ನು ತೊರೆದು ಕರ್ತವ್ಯವನ್ನು ಆಚರಿಸಬೇಕೆಂಬುದು ಭಗವದ್ಗೀತೆಯ ನಿಷ್ಕಾಮಕರ್ಮ ಬೋಧೆ. ಇದನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಸಂಸಾರಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ಸಂಬಳವನ್ನು ನಂಬಿ ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವನು, ಬೆಳೆದ ಜೋಳಕ್ಕೆ ತಕ್ಕ ಬೆಲೆ ಬರಲೆಂದು ಹಾರೈಸುವ ರೈತನು ಫಲವನ್ನು ಬಯಸದೆ ದುಡಿಯುವುದೆಂತು? ಬಯಸಿದ ಮಾತ್ರಕ್ಕೆ ಅವರ ದುಡಿಮೆ ಸಾಧನೆಯಾಗದೆ ಹೋಗುವುದೇ?

ಹನ್ನೆರಡನೆಯ ಶತಮಾನದ ಶರಣರ ಬಾಳಿನಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದವರು ತಮ್ಮ ತಮ್ಮ ವೃತ್ತಿಯಿಂದಲೇ ಜೀವಿಸಿದರು. ಅವರು ಪ್ರತಿಫಲವನ್ನು ನಿರಾಕರಿಸಲಿಲ್ಲ. ಅದಕ್ಕೊಂದು ಮಿತಿಯನ್ನು ಹಾಕಿಕೊಂಡರು. ಸತ್ಯಶುದ್ಧವಾದ ದುಡಿಮೆಯೇ ಕಾಯಕ. ಬಂದುದರಲ್ಲಿ ಅಗತ್ಯಕ್ಕೆ ತಕ್ಕಷ್ಟನ್ನು ಬಳಸಿ, ಮಿಕ್ಕುದನ್ನು ವಿನಯದಿಂದ ಸಮಾಜಕ್ಕೆ ಸಲ್ಲಿಸುವುದೇ ದಾಸೋಹ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಇದಕ್ಕೆ ನಿದರ್ಶನ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಇದು ಆಸೆಯ ಲಕ್ಷಣವೆಂದು ಎಚ್ಚರಿಸಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದಳು. ಅಕ್ಕಿಯು ಕಳವಿನದಲ್ಲ, ದಾಸೋಹಕ್ಕೆ ಬೇಕಾದುದೇ ಆಗಿತ್ತು. ಆದರೂ ಅಗತ್ಯದ ಎಲ್ಲೆ ಮೀರಿತೆಂಬುದೊಂದೇ ಆಕೆಗೆ ಸಾಕಾಯಿತು. ನಿಸ್ವಾರ್ಥಕ್ಕೆ ಅಳತೆಗೋಲನ್ನು ಕೊಟ್ಟವಳು ಮಠದ ಆಚಾರ್ಯಳಲ್ಲ, ಮನೆಯ ಗೃಹಿಣಿ ಎಂಬುದನ್ನು ನಾವು ಮರೆಯಬಾರದು.

ಆ ಅಳತೆಗೋಲನ್ನು ನಮ್ಮ ಮನೆಗಳಿಗೇ ಹಿಡಿದು ನೋಡೋಣ. ಮನೆಮಂದಿಗೆಲ್ಲ ರೊಟ್ಟಿ ಬಡಿದು ಕೊನೆಗೆ ಉಣ್ಣುವ ಸೊಸೆಯ ಶ್ರಮವನ್ನು ‘ಸೇವೆ’ಯೆಂದು ಹೊಗಳಿ, ಆಕೆಗೆ ವಿಶ್ರಾಂತಿಯನ್ನು ಕೊಡದಿರುವುದು ಧರ್ಮವಲ್ಲ. ಹೊಲದ ಆಳಿಗೆ ಕೂಲಿಯನ್ನು ತಗ್ಗಿಸಿ, ಆ ಉಳಿತಾಯದಿಂದ ಜಾತ್ರೆಯಲ್ಲಿ ಅನ್ನಸಂತರ್ಪಣೆ ಮಾಡಿಸಿದರೆ ಅದು ದಾಸೋಹವೆನಿಸದು. ನಿಸ್ವಾರ್ಥವು ತಾನು ಆಚರಿಸಬೇಕಾದ ವ್ರತ. ಇನ್ನೊಬ್ಬರ ಮೇಲೆ ಹೊರಿಸಿದಾಗ ಅದು ಶೋಷಣೆಯಾಗುತ್ತದೆ. ಕೊಟ್ಟವನ ಹೆಸರು ಫಲಕದ ಮೇಲೆ ಮೂಡಲೇಬೇಕೆಂಬ ಹಂಬಲವೂ ಫಲಾಪೇಕ್ಷೆಯೇ.

ಸಮೀಪದ ಕಾಲದಲ್ಲಿ ಈ ತತ್ತ್ವಕ್ಕೆ ದೊಡ್ಡ ಸಾಕ್ಷಿ ತುಮಕೂರಿನ ಸಿದ್ಧಗಂಗಾ ಮಠ. 1941ರಲ್ಲಿ ಮಠದ ಅಧ್ಯಕ್ಷರಾದ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಬೆಳೆಸಿದರು. ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡಮಕ್ಕಳು ಅಲ್ಲಿ ಉಂಡು ಓದಿದರು. ಆ ಒಲೆ ಉರಿದುದು ಧನಿಕರ ಕಾಣಿಕೆಯಿಂದ ಮಾತ್ರವಲ್ಲ. ರೈತರು ತಂದೊಪ್ಪಿಸಿದ ದವಸಧಾನ್ಯಗಳಿಂದಲೂ ಹೌದು.

ಸಂಸಾರವನ್ನು ಬಿಡದೆಯೇ ಈ ಸಾಧನೆ ಸಾಧ್ಯ. ಪ್ರಾತಃಕಾಲ ಇಷ್ಟಲಿಂಗಪೂಜೆ ಮುಗಿಸಿ ಕೆಲಸಕ್ಕೆ ಹೊರಡುವಾಗ ‘ಇಂದು ನನ್ನ ಕೆಲಸದಲ್ಲಿ ಮೋಸವಿರದಿರಲಿ’ ಎಂದು ಸಂಕಲ್ಪಿಸಬೇಕು. ರಾತ್ರಿ ಮಲಗುವ ಮುನ್ನ ‘ಇಂದು ಮನೆಗೆ ತಂದುದರಲ್ಲಿ ನನಗೆ ಸಲ್ಲದುದು ಏನಾದರೂ ಇದೆಯೇ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಇದ್ದರೆ ಅದನ್ನು ಹಿಂದಿರುಗಿಸುವ ಧೈರ್ಯ ಬೇಕು. ಲಕ್ಕಮ್ಮನಂತೆ ಅದನ್ನು ನೆನಪಿಸುವವರು ಮನೆಯಲ್ಲಿದ್ದರೆ, ಅವರ ಮಾತನ್ನು ಆಲಿಸುವ ವಿನಯವೂ ನಮಗಿರಲಿ.