ಬಾವು ಇಳೀತು, ಇನ್ನು ಗುಳಿಗೆ ಬಿಡಬಹುದಾ?

ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೊರಟರೆ ಹೆದ್ದಾರಿಯಲ್ಲಿ ಕಣಗಲಾ ಸಿಗುತ್ತೆ. ಗರ್ಭನಿರೋಧಕ ಗುಳಿಗೆ ತಯಾರಿಸುವ ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಕಾರ್ಖಾನೆ ಇರೋದು ಅಲ್ಲೇ. ಆ ಊರಿನ ನೆಪದಲ್ಲಿ ಒಂದು ಮಾತು ಹೇಳಲೇಬೇಕು. ಈಸ್ಟ್ರೋಜನ್ ಇರುವ ಗುಳಿಗೆ, ಅಂದ್ರೆ ಮಾಲಾ-ಎನ್ ಥರದ್ದು, ತಗೊಳ್ಳೋ ಕೆಲವೇ ಕೆಲವರಿಗೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಾಬರಿ ಬೇಡ. ಗುಳಿಗೆ ತಗೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾದರೆ, ಈ ಬಗೆಯ ಗುಳಿಗೆ ತಗೊಳ್ಳುವವರಲ್ಲಿ 5ರಿಂದ 7 ಮಂದಿಗೆ ಆಗುತ್ತೆ. ಬಸಿರು, ಬಾಣಂತನದಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಆದ್ರೆ ಆ ಏಳರಲ್ಲಿ ಒಬ್ಬರು ನಮ್ಮನೆಯವರೇ ಆದರೆ?

ಒಂದೇ ಕಾಲು ಊದಿಕೊಳ್ಳುತ್ತೆ, ಮೀನಖಂಡ ನೋಯುತ್ತೆ. ನಮ್ಮ ಕಡೆ ಮೊದಲ ಕೆಲಸವೇ ಎಣ್ಣೆ ಹಚ್ಚಿ ತಿಕ್ಕೋದು. ದಯವಿಟ್ಟು ತಿಕ್ಕಬೇಡಿ! ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ನಾನು ಓದಿದ್ದು ಇಂಜಿನಿಯರಿಂಗ್. ಕಟ್ಟಿದ ಪೈಪಿಗೆ ಆಸಿಡ್ ಸುರಿದು ಬಿಡಿಸೋ ಹಾಗೆ ಔಷಧಿ ಹೆಪ್ಪನ್ನ ಕರಗಿಸುತ್ತೆ ಅಂತ ತುಂಬಾ ದಿನ ನಂಬಿದ್ದೆ. ತಪ್ಪು. ಹಾಗೆ ಕರಗಿಸೋ ಔಷಧಿ ಬೇರೆ ಇದೆ. ಅದು ಜೀವಾಪಾಯದಲ್ಲಿರುವ ಕೆಲವರಿಗೆ ಮಾತ್ರ. ಉಳಿದವರಿಗೆ ಕೊಡೋ ‘ರಕ್ತ ತೆಳು ಮಾಡೋ’ ಔಷಧಿ ರಕ್ತವನ್ನ ತೆಳುವೂ ಮಾಡಲ್ಲ! ಹೆಪ್ಪು ಬೆಳೆಯದಂತೆ ತಡೆಯುತ್ತೆ, ಅಷ್ಟೇ. ಇದ್ದದ್ದನ್ನ ಕರಗಿಸೋ ಕೆಲಸ ದೇಹದ್ದೇ, ಅದಕ್ಕೆ ತಿಂಗಳುಗಳು ಬೇಕು. ಅದಕ್ಕೇ ಕನಿಷ್ಠ 3 ತಿಂಗಳು ಗುಳಿಗೆ. ಬಾವು ಇಳೀತು ಅಂತ ಹದಿನೈದನೇ ದಿನಕ್ಕೆ ಬಿಟ್ಟರೆ ಹೆಪ್ಪು ಮತ್ತೆ ಬೆಳೆಯೋಕೆ ದಾರಿ ಬಿಟ್ಟಂತೆ.

ಹಳೆಯ ಪದ್ಧತಿಯಲ್ಲಿ ಮೊದಲು ಹೆಪಾರಿನ್ ಇಂಜೆಕ್ಷನ್, ಜೊತೆಗೇ ವಾರ್ಫರಿನ್ ಗುಳಿಗೆ. ಈ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು, ನಂಬ್ತೀರಾ? ಅಮೆರಿಕದಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತಸ್ರಾವದಿಂದ ಸತ್ತದ್ದರ ಬೆನ್ನು ಹತ್ತಿ ಸಿಕ್ಕ ಔಷಧಿ ಇದು. ಇದನ್ನ ತಗೊಳ್ಳೋರು ಐಎನ್‌ಆರ್ ಪರೀಕ್ಷೆ ಮಾಡಿಸ್ತಾ ಇರಬೇಕು. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಪಾಲಕ್ ಬಿಡಬೇಕಿಲ್ಲ, ಆದ್ರೆ ಒಂದು ವಾರ ಬುಟ್ಟಿಗಟ್ಟಲೆ, ಮುಂದಿನ ವಾರ ಸೊನ್ನೆ ಅಂತಲೂ ಆಗಬಾರದು.

ಈಗ ರಿವರಾಕ್ಸಬಾನ್, ಅಪಿಕ್ಸಬಾನ್ ಬಂದಿವೆ. ಪದೇ ಪದೇ ಐಎನ್‌ಆರ್ ಪರೀಕ್ಷೆಯ ಗೋಜಿಲ್ಲ. ಆದ್ರೆ ಮೊದಲ ದಿನಗಳ ಡೋಸ್ ಹೆಚ್ಚು, ಆಮೇಲೆ ಕಮ್ಮಿ. ಚೀಟಿ ಸರಿಯಾಗಿ ಓದಿಸಿಕೊಳ್ಳಿ. ಬಸುರಿಯರಿಗೆ ಇವ್ಯಾವುವೂ ಆಗಲ್ಲ, ಇಂಜೆಕ್ಷನ್ನೇ ಗತಿ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಗುಳಿಗೆ ತಂದು ಜೊತೆಗೆ ನುಂಗಬೇಡಿ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಆಸ್ಪತ್ರೆಗೆ ಓಡಿ. ಯಾವ ಗುಳಿಗೆ ತಗೊಳ್ತಿದ್ದೀರಿ ಅನ್ನೋದನ್ನ ಬಾಗಿಲಲ್ಲೇ ಹೇಳಿ.